ಮುದ್ದೆ ಯಾರು ತಿರುವ್ತಾರೆ?

ನಿವೃತ್ತಿಯ ದಿನ ಹೊದಿಸಿದ ಶಾಲಿನ ಅಂಚಿನಿಂದ ನಮ್ಮ ಮೇಡಂ ಒಂದು ಎಳೆ ಕಿತ್ತರು. ವೇದಿಕೆಯ ಮೇಲೆಯೇ, ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗಲೇ. ಸಮಾರಂಭಕ್ಕೆಂದು ಹಚ್ಚಿದ್ದ ದೀಪ ಪಕ್ಕದಲ್ಲೇ ಉರಿಯುತ್ತಿತ್ತು. ಎಳೆಯ ತುದಿಯನ್ನು ಅದಕ್ಕೆ ಹಿಡಿದರು, ಅದು ಕರಗಿ ಗುಂಡಾದದ್ದನ್ನು ನೋಡಿದರು, ಮೂಸಿದರು. ಆಮೇಲೆ ಹಿಂದೆ ನಿಂತಿದ್ದ ನನ್ನ ಕಡೆ ವಾಲಿ, "ರೇಷ್ಮೆ ಶಾಲು ಅಂತ ಮೈಕಲ್ಲಿ ಹೇಳಿದ್ರಲ್ಲ, ಪಾಲಿಯೆಸ್ಟರ್ ಕಣೆ" ಎಂದು ಪಿಸುಗುಟ್ಟಿದರು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವವರ ಬೀದಿಯಲ್ಲಿ ಹುಟ್ಟಿ ಬೆಳೆದ ಹೆಂಗಸು. ಸುಟ್ಟ ರೇಷ್ಮೆಯ ವಾಸನೆ ಯಾವುದು, ಬೇರೆಯದರ ವಾಸನೆ ಯಾವುದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇಸರವೇನೂ ಇರಲಿಲ್ಲ ಅವರಿಗೆ. ಶಾಲನ್ನು ನೀಟಾಗಿ ಮಡಿಸಿ ಮನೆಗೆ ಒಯ್ದರು. ಪರೀಕ್ಷೆ ಮಾಡದೆ ಏನನ್ನೂ ಒಪ್ಪಿಕೊಳ್ಳಬಾರದು, ಅಷ್ಟೇ.

ಆ ದಿನ, ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ನನಗೂ ಎರಡು ಮಾತಾಡಲು ಹೇಳಿದ್ದರು. ಕರ್ತವ್ಯನಿಷ್ಠೆ, ಸಮಯಪಾಲನೆ ಎಂದೇನೋ ಒದರಿ ಇಳಿದುಬಂದೆ. ಯಾವ ನಿವೃತ್ತರ ಬಗ್ಗೆ ಬೇಕಾದರೂ ಹೇಳಬಹುದಾದ ಮಾತು ಅದು, ಮೇಲಾಗಿ ಸುಳ್ಳು. ಮೇಡಂ ಯಾವತ್ತೂ ಸಮಯಕ್ಕೆ ಬಂದವರಲ್ಲ. ದಾರಿಯಲ್ಲಿ ಯಾರಾದರೂ ಹಸು ಹಿಡಿದುಕೊಂಡು ಹೋಗುತ್ತಿದ್ದರೆ ಸ್ಕೂಟರ್ ನಿಲ್ಲಿಸಿ, ಎಷ್ಟನೇ ಸೂಲು, ಕರು ಹೇಗಿದೆ ಎಂದು ವಿಚಾರಿಸಿಕೊಳ್ಳುತ್ತಿದ್ದರು. ಊರ ಹಸುಗಳ ಯೋಗಕ್ಷೇಮ ಮುಗಿಯದೆ ಅವರಿಗೆ ಬೆಳಗಾಗುತ್ತಿರಲಿಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣ ಇವತ್ತು ಬೆಳಿಗ್ಗೆ ನಾನು ಅವರಿಗೆ ಮಾಡಿದ ಫೋನು. ನಿವೃತ್ತಿಯ ಮೇಲೆ ಮೇಡಂ ಚಿಂತಾಮಣಿಯಲ್ಲಿ ಬಸ್ ರಸ್ತೆಯ ಪಕ್ಕ ಒಂದು ಮಹಡಿ ಮನೆ ಹಿಡಿದು ಒಬ್ಬರೇ ಇದ್ದಾರೆ. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಫೋನಿನಲ್ಲಿ ದನಿ ಸ್ವಲ್ಪ ಕುಗ್ಗಿದಂತೆ ಕೇಳಿಸಿತು. ಹೇಗಿದ್ದೀರಿ ಮೇಡಂ ಎಂದೆ. "ನಂಗೇನಾಗಿದೆ? ಗುಂಡುಕಲ್ಲಂಗಿದೀನಿ" ಎಂದರು. ಬೇರೆ ಯಾರಾದರೂ ಆಗಿದ್ದರೆ ಸಮಾಧಾನ ಪಡುತ್ತಿದ್ದರೋ ಏನೋ, ನನಗೆ ಭಯವಾಯಿತು. ಗುಂಡುಕಲ್ಲಿನ ಹಾಗಿದ್ದೇನೆ ಎನ್ನುವ ಹೆಂಗಸಿನ ಮಾತನ್ನು ಹಾಗೇ ನಂಬಬಾರದು ಎಂದು ನನಗೆ ಕಲಿಸಿದವರೇ ಅವರು.

ನಮ್ಮ ಪ್ರಯೋಗಾಲಯ ಇದ್ದದ್ದು ಚಿಕ್ಕಬಳ್ಳಾಪುರದ ಹೊರಗೆ, ಒಂದು ದ್ರಾಕ್ಷಿ ತೋಟದ ಬೆನ್ನಿಗೆ. ಅಲ್ಲಿ ನಾವು ಹುಡುಕುತ್ತಿದ್ದದ್ದು ಒಂದು ಜ್ವರವನ್ನು. ದನ, ಕುರಿ, ಮೇಕೆಗಳಿಂದ ಮನುಷ್ಯರಿಗೆ ದಾಟುವ ಬ್ರುಸೆಲ್ಲೋಸಿಸ್. ಹಸುವಿಗೆ ಬಂದರೆ ತಿಂಗಳು ತುಂಬುವ ಮೊದಲೇ ಗರ್ಭ ಜಾರುತ್ತದೆ, ರೈತರು ಕಂದು ಹಾಕುವ ರೋಗ ಎನ್ನುತ್ತಾರೆ. ಮನುಷ್ಯರಿಗೆ ಬಂದರೆ ಅಷ್ಟು ನೇರವಾದ ಹೆಸರಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ಬೆವರುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಕೆಲವು ದಿನ ಬಿಟ್ಟಂತೆ ಮಾಡಿ ಮತ್ತೆ ಬರುತ್ತದೆ. ಒಬ್ಬ ಡಾಕ್ಟರು ಟೈಫಾಯ್ಡ್ ಎನ್ನುತ್ತಾರೆ, ಇನ್ನೊಬ್ಬರು ಕೀಲುವಾಯು ಎನ್ನುತ್ತಾರೆ, ಮನೆಯವರು ಸೋಮಾರಿತನ ಎನ್ನುತ್ತಾರೆ. ಹಳ್ಳಿಯ ಆಸ್ಪತ್ರೆಯಲ್ಲೇ ಇದನ್ನು ಗುರುತಿಸುವಂಥ ಸರಳ ಪರೀಕ್ಷೆಯೊಂದನ್ನು ಮಾಡಬೇಕು ಎಂಬುದು ಮೇಡಂ ಹಠ. ಪಟ್ಟಿಯ ಮೇಲೆ ಒಂದು ಹನಿ ರಕ್ತ ಬಿಟ್ಟರೆ, ಗೆರೆ ಮೂಡಿದರೆ ರೋಗ ಉಂಟು, ಮೂಡದಿದ್ದರೆ ಇಲ್ಲ. ಹೇಳಲು ಇಷ್ಟೇ. ಮಾಡುವಷ್ಟರಲ್ಲಿ ಅವರ ಕೂದಲು ಬೆಳ್ಳಗಾಯಿತು.

ಈ ಕ್ರಿಮಿಗೆ ಒಂದು ಕೆಟ್ಟ ಗುಣವಿದೆ. ಅದನ್ನು ಹುಡುಕುವವರನ್ನೇ ಅದು ಹುಡುಕಿಕೊಂಡು ಬರುತ್ತದೆ. ರೋಗಿಯ ರಕ್ತದಿಂದ ಅದನ್ನು ತಟ್ಟೆಯಲ್ಲಿ ಬೆಳೆಸುವಾಗ ಉಸಿರಿನಲ್ಲಿ ಹೋದರೂ ಸಾಕು. ಅದಕ್ಕೆಂದೇ ಮುಚ್ಚಿದ ಕೋಣೆಯೊಂದಿತ್ತು, ಒಳಗೆ ಗಾಳಿಯನ್ನು ಸೋಸಿ ಎಳೆಯುವ ಗಾಜಿನ ಪೆಟ್ಟಿಗೆ. ಆ ಕೋಣೆಗೆ ಮೇಡಂ ನಮ್ಮನ್ನು ಬಿಡುತ್ತಿರಲಿಲ್ಲ. "ನೀವೆಲ್ಲ ಹೆತ್ತು ಹೊರೋ ವಯಸ್ಸಿನವರು, ನಡೀರಿ, ಟೀ ಕುಡ್ಕೊಂಡು ಬನ್ನಿ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಮ್ಮೆ ಪೆಟ್ಟಿಗೆಯ ಫ್ಯಾನು ಕೆಟ್ಟು ರಿಪೇರಿಯವರು ಬರುವುದು ತಡವಾಯಿತು. ಗೌರಿಬಿದನೂರು ಕಡೆಯ ಒಬ್ಬ ರೋಗಿಯ ರಕ್ತ ಒಳಗಿತ್ತು, ಬಿಟ್ಟರೆ ಕೆಡುತ್ತಿತ್ತು. ಮೇಡಂ ಮಾಸ್ಕಿನ ಮೇಲೊಂದು ಮಾಸ್ಕು ಹಾಕಿಕೊಂಡು ಒಳಗೆ ಹೋದರು. ನಾನು ಸಿಟ್ಟಿನಿಂದಲೇ ಕೇಳಿದೆ, ನಮಗೊಂದು ನಿಯಮ, ನಿಮಗೊಂದಾ ಎಂದು. "ನಂಗೇನಾಗುತ್ತೆ ಬಿಡೆ" ಎಂದರು. ಇವತ್ತಿಗೂ ನನಗೆ ಆ ಸಿಟ್ಟು ಇಳಿದಿಲ್ಲ.

ಅವರ ಕೈ ಯಾವಾಗಲೂ ಏನಾದರೂ ಮಾಡುತ್ತಿರಬೇಕಿತ್ತು. ಅವರೆಕಾಯಿ ಕಾಲದಲ್ಲಿ, ಪರೀಕ್ಷೆ ಇಟ್ಟು ಫಲಿತಾಂಶಕ್ಕೆ ಕಾಯುವ ಹೊತ್ತಿನಲ್ಲಿ, ಹೊರಗಿನ ವರಾಂಡದಲ್ಲಿ ನೆನೆಸಿದ ಅವರೆಕಾಳಿನ ಬೋಸಿ ಇಟ್ಟುಕೊಂಡು ಕೂರುತ್ತಿದ್ದರು. ನಮಗೂ ಒಂದೊಂದು ಹಿಡಿ. "ಕೈ ಸುಮ್ನಿದ್ರೆ ತಲೆ ಆತುರ ಮಾಡುತ್ತೆ. ಹಿತುಕ್ರಿ" ಎನ್ನುತ್ತಿದ್ದರು. ಹಾಗೆ ಹಿತುಕಿದ ಬೇಳೆಯ ಸಾರು ಮಾರನೆಯ ದಿನ ಎಲ್ಲರ ಡಬ್ಬಿಗೂ ಬರುತ್ತಿತ್ತು. ಫಲಿತಾಂಶ ಚೆನ್ನಾಗಿ ಬಂದ ದಿನದ ಸಾರಿಗೂ ಕೆಟ್ಟ ದಿನದ ಸಾರಿಗೂ ರುಚಿಯಲ್ಲಿ ಏನೂ ವ್ಯತ್ಯಾಸವಿರುತ್ತಿರಲಿಲ್ಲ.

ರಕ್ತ ಸಂಗ್ರಹಕ್ಕೆ ಹಳ್ಳಿಗಳಿಗೆ ಹೋಗುವುದೇ ಒಂದು ಕಥೆ. ಶುಕ್ರವಾರ ಹೋದರೆ, "ಶುಕ್ರವಾರ ಮನೆಯಿಂದ ಉಪ್ಪು ಮೊಸರೇ ಈಚೆಗೆ ಕೊಡಲ್ಲ, ರಕ್ತ ಕೊಡ್ತೀವಾ ತಾಯಿ?" ಎನ್ನುತ್ತಿದ್ದರು. ಸರಿ, ಶುಕ್ರವಾರ ಅಲೀಪುರಕ್ಕೆ ಹೋಗೋಣ ಎಂದರೆ ಅಲ್ಲಿ ಜುಮ್ಮಾ ನಮಾಜು. ಹೀಗಾಗಿ ಶುಕ್ರವಾರಗಳೆಲ್ಲ ನಮಗೆ ಗಾಜಿನ ಸಾಮಾನು ತೊಳೆಯುವ ದಿನಗಳಾದವು. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಲು ಶುರುವಾದ ಮನೆಗೂ ಹೋಗುವಂತಿಲ್ಲ, ಆಗ ಆ ಮನೆಯವರು ಹೆಣ ಬಿದ್ದರೂ ತಲೆ ಎತ್ತುವವರಲ್ಲ. ಇದೆಲ್ಲ ತಿಳಿದೇ ಮೇಡಂ ದಿನ ಗೊತ್ತು ಮಾಡುತ್ತಿದ್ದರು. ಆದರೂ ಸೂಜಿ ಕಂಡ ಕೂಡಲೇ ಜನ ಹಿಂದೆ ಸರಿಯುತ್ತಿದ್ದರು. ಆಗ ಮೇಡಂ ಜಗಲಿಯ ಮೇಲೆ ಕೂತು, ತಮ್ಮ ಎಡಗೈ ರವಿಕೆಯ ತೋಳನ್ನು ಮೇಲೆ ಸರಿಸಿ, "ಮೊದ್ಲು ನಂದು ತಗೊಳ್ಳೆ" ಎನ್ನುತ್ತಿದ್ದರು. ಎಲ್ಲರೆದುರು ನಾನು ಅವರ ರಕ್ತ ತೆಗೆಯುತ್ತಿದ್ದೆ. ಅದು ಪರೀಕ್ಷೆಗಲ್ಲ, ಜನರ ಧೈರ್ಯಕ್ಕೆ. ಮೇಷ್ಟ್ರು ಅಳದಿದ್ದರೆ ಮಕ್ಕಳೂ ಅಳುವುದಿಲ್ಲ ಎನ್ನುವ ಲೆಕ್ಕ ಅವರದು.

ರೋಗಿಗಳ ರಕ್ತದಷ್ಟೇ ಆರೋಗ್ಯವಂತರ ರಕ್ತವೂ ನಮಗೆ ಬೇಕಿತ್ತು. ಪಟ್ಟಿ ರೋಗವಿಲ್ಲದವರಲ್ಲಿ ಗೆರೆ ತೋರಿಸುವುದಿಲ್ಲ ಎಂದು ಖಾತ್ರಿಯಾಗಬೇಕಲ್ಲ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಜೊತೆಯಾಗಿದ್ದ ಹಿರಿಯ ವಿಜ್ಞಾನಿಯೊಬ್ಬರು, ಅಲ್ಲಿಯ ರಕ್ತದಾನಿಗಳ ರಕ್ತವನ್ನೇ ಕಳಿಸುತ್ತೇವೆ, ಸುಲಭವಾಗುತ್ತದೆ ಎಂದಿದ್ದರು. ಮೇಡಂ ಒಪ್ಪಲಿಲ್ಲ. "ಹಸು ಕಟ್ಟದವರ ಆರೋಗ್ಯ ತಗೊಂಡು ಹಸು ಕಟ್ಟಿದವರ ಜ್ವರ ಅಳೆಯೋಕಾಗುತ್ತಾ? ಈ ಊರಿನ ಆರೋಗ್ಯಾನೇ ಬೇಕು" ಎಂದರು. ಸಿಬ್ಬಂದಿಯ ಮನೆಯವರಿಂದಲೇ ಶುರುವಾಯಿತು. ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಹಳ್ಳಿಗೂ ಬಂದರು. ನಮ್ಮದು ಒಂದಿಷ್ಟು ಹಿಪ್ಪುನೇರಳೆ, ಹುಳು ಸಾಕಣೆ, ಎರಡು ಸೀಮೆಹಸುಗಳ ಮನೆ. ಜ್ವರವಿದೆಯೇ, ನೋವಿದೆಯೇ ಎಂದು ಮೇಡಂ ಕೇಳಿದ್ದಕ್ಕೆ ನಮ್ಮಮ್ಮ, "ನಂಗೇನಾಗಿದೆ ಮೇಡಮ್ನೋರೆ, ಗುಂಡುಕಲ್ಲಂಗಿದೀನಿ. ಕಾಯ್ಲೆ ಬರಕ್ಕೂ ಪುರುಸೊತ್ತು ಬೇಕಲ್ಲ" ಎಂದು ನಕ್ಕು ಕೈ ಚಾಚಿದಳು. ಮೇಡಂ ಆರೋಗ್ಯವಂತರ ಗುಂಪಿಗೆ ಸೇರಿಸಿಕೊಂಡರು. ಟ್ಯೂಬಿನ ಮೇಲೆ ಹೆಸರಿರುವುದಿಲ್ಲ, ಬರೀ ಗುರುತಿನ ಸಂಖ್ಯೆ. ಯಾವುದು ಯಾರದೆಂದು ಪರೀಕ್ಷೆ ಮಾಡುವ ನಮಗೆ ಗೊತ್ತಿರಬಾರದು.

ಪಟ್ಟಿ ಚೆನ್ನಾಗಿ ಕೆಲಸ ಮಾಡಿತು. ರೋಗಿಗಳಲ್ಲಿ ಗೆರೆ ಮೂಡಿತು, ಆರೋಗ್ಯವಂತರಲ್ಲಿ ಮೂಡಲಿಲ್ಲ. ಆರೋಗ್ಯವಂತರ ಒಂದು ಟ್ಯೂಬಿನ ಹೊರತು. ಅದರಲ್ಲಿ ಮಾತ್ರ ತೆಳ್ಳಗೆ, ಆದರೆ ಪ್ರತಿ ಸಲವೂ, ಗೆರೆ ಬರುತ್ತಿತ್ತು. ಹಳೆಯ ವಿಧಾನದಲ್ಲಿ ನೋಡಿದರೂ ಅದೇ. ಬೆಂಗಳೂರಿನ ಹಿರಿಯರು ಫೋನಿನಲ್ಲಿ, "ಅದೊಂದನ್ನ ಬಿಟ್ಟಾಕಿ. ಯಾವ ಅಧ್ಯಯನದಲ್ಲೂ ಒಂದೆರಡು ಹಾಗೆ ಇದ್ದೇ ಇರ್ತವೆ. ಪ್ರಬಂಧ ತಡ ಆದ್ರೆ ಬೇರೆಯವರದ್ದು ಮೊದಲು ಬರುತ್ತೆ" ಎಂದರು. ಅವರು ಕೆಟ್ಟವರಲ್ಲ, ಹೇಳಿದ್ದೂ ಲೋಕರೂಢಿಯ ಮಾತೇ. ಮೇಡಂ ಅಷ್ಟೇ ಮೆತ್ತಗೆ ಉತ್ತರಿಸಿದರು: "ಟ್ಯೂಬು ಬಿಡಬಹುದು ಸಾರ್. ಅದರ ಹಿಂದೆ ಒಂದು ಕೈ ಇದೆಯಲ್ಲ, ಅದನ್ನ ಎಲ್ಲಿ ಬಿಡೋಣ?"

ಕೆಲಸ ನಿಂತಿತು. ಸಂಬಂಧಪಟ್ಟ ಸಮಿತಿಗೆ ಬರೆದು, ಆ ಒಂದು ಸಂಖ್ಯೆಯ ಹೆಸರು ತೆರೆಯಲು ಮೇಡಂ ಒಪ್ಪಿಗೆ ತರಿಸಿಕೊಂಡರು. ಒಪ್ಪಿಗೆ ಬರುವಷ್ಟರಲ್ಲಿ ಅವರೆಕಾಯಿ ಕಾಲ ಮುಗಿದಿತ್ತು. ಆ ಮಧ್ಯಾಹ್ನ ವರಾಂಡದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮಮ್ಮಂದು ಕಣೆ" ಎಂದರು. ನನಗೆ ಮೊದಲು ನಗು ಬಂತು. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬದುವಿನ ಮೇಲೆ ಸರಸರ ನಡೆಯುವ ನಮ್ಮಮ್ಮ? ಪಟ್ಟಿಯೇ ತಪ್ಪಿರಬೇಕು ಎಂದೆ. ಮೇಡಂ ವಾದಿಸಲಿಲ್ಲ. ಹೆಲ್ಮೆಟ್ ತೆಗೆದುಕೊಂಡು, "ಹೋಗಣ ನಡಿ, ನೋಡ್ಕೊಂಡು ಬರಣ" ಎಂದರು. ಅವರ ಸ್ಕೂಟರಿನ ಹಿಂದೆ ಕೂತು ಊರಿಗೆ ಹೊರಟೆ.

ಅಮ್ಮ ಹುಳುಮನೆಯಿಂದ ಈಚೆ ಬಂದಳು. ಮತ್ತೆ ಅದೇ ಮಾತು, ನಂಗೇನಾಗಿದೆ. ಜ್ವರ? ಇಲ್ಲ. ನೋವು? ಇಲ್ಲ. ಮೇಡಂ ಹೇಗೆ ಕೇಳಿದರೂ ಇಲ್ಲ. ಮನೆಗೆ ಬಂದವರನ್ನು ಉಣ್ಣದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಬುದ್ಧನ ಪಟದ ಕೆಳಗೆ ಚಾಪೆ ಹಾಸಿ ಊಟಕ್ಕೆ ಕೂರಿಸಿದಳು. ಮುದ್ದೆ, ಬಸ್ಸಾರು. ಮೇಡಂ ಒಂದು ತುತ್ತು ಮುರಿದು, "ಒಂದು ಗಂಟಿಲ್ಲ, ಎಷ್ಟು ನುಣ್ಣಗಿದೆ. ನಿಮ್ಮ ಕೈ ಬಲು ಚೆನ್ನಾಗಿದೆ" ಎಂದರು. ಅಮ್ಮ ಅಡುಗೆಮನೆಯ ಕಡೆ, ಅಣ್ಣನ ಹೆಂಡತಿಯ ಕಡೆ ನೋಡಿ, "ನಂದೆಲ್ಲಿ ಬಂತು, ಸೊಸೇದು. ನಾನು ಮುದ್ದೆಕೋಲು ಮುಟ್ಟಿ ಎಷ್ಟು ದಿನ ಆಯ್ತೋ. ರಟ್ಟೇಲಿ ಬಲ ಇಲ್ಲ, ಸೊಂಟ ಹಿಡ್ಕಂಡ್‌ಬಿಡ್ತದೆ" ಎಂದಳು. ಸೊಸೆಯನ್ನು ಹೊಗಳಲೆಂದು ಆಡಿದ ಮಾತು ಅದು. ಮೇಡಂ ಕೈಯ ತುತ್ತು ಸಾರಿನಲ್ಲೇ ಉಳಿಯಿತು.

ಆಮೇಲೆ ಅವರು ಕಾಯಿಲೆಯ ಮಾತೇ ಎತ್ತಲಿಲ್ಲ. ರಾತ್ರಿ ಎಲ್ಲಿ ಮಲಗ್ತೀರಿ ಎಂದರು. ಜಗಲಿ ಮೇಲೆ, ಒಳಗೆ ಬೆವರು. ಚಳಿಗಾಲದಲ್ಲೂ? ಹೂಂ, ಚಳಿಗಾಲದಲ್ಲೂ. ಸೀರೆ ಉಟ್ಕೊಂಡಂಗೇ ನೆನೆದು ಹೋಗುತ್ತಾ? ಒಂದೊಂದಿನ. ಹಸು ಕಂದು ಹಾಕಿತ್ತಾ? ಹಾಕಿತ್ತು, ಹೋದ ವರ್ಷ. ಮಾಸು ಯಾರು ತೆಗೆದ್ರು? "ನಾನೇ. ಇನ್ಯಾರು ತೆಗೀತಾರೆ?" ಬರಿಗೈಲಾ? "ಇನ್ನೆಂಗೆ ಮೇಡಮ್ನೋರೆ, ಅದಕ್ಕೇನು ಸೌಟು ಹಾಕಕ್ಕಾಗ್ತದಾ?" ಅಮ್ಮ ನಕ್ಕಳು. ಮೇಡಂ ನಗಲಿಲ್ಲ. ಕಂದಿನ ಜೊತೆ ಬೀಳುವ ಆ ಮಾಸಿನಲ್ಲೇ ಕ್ರಿಮಿ ತುಂಬಿರುತ್ತದೆ. ನನಗೆ ಎದ್ದು ಹೋಗಿ ಅಮ್ಮನ ಕೈ ಹಿಡಿದುಕೊಳ್ಳಬೇಕು ಎನ್ನಿಸಿತು, ಆದರೆ ನಮ್ಮ ಮನೆಯಲ್ಲಿ ಹಾಗೆಲ್ಲ ಕೈ ಹಿಡಿಯುವ ರೂಢಿಯಿಲ್ಲ. ಮಜ್ಜಿಗೆ ಬಡಿಸಿದೆ.

ಚಿಕಿತ್ಸೆಯಾಯಿತು. ಎರಡು ಬಗೆಯ ಮಾತ್ರೆ, ವಾರಗಟ್ಟಲೆ, ಒಂದು ಹೊತ್ತೂ ತಪ್ಪಿಸುವಂತಿಲ್ಲ. ಮಾತ್ರೆ ನುಂಗಿದರೆ ಉಚ್ಚೆ ಕೆಂಪಗಾಗುತ್ತದೆ ಎಂದು ಅಮ್ಮ ಹೆದರಿದಾಗ ಮೇಡಂ ತಾವೇ ಫೋನ್ ಮಾಡಿ, ಅದು ಮಾತ್ರೆಯ ಬಣ್ಣ ಎಂದು ಒಪ್ಪಿಸಿದರು. ಹಸುವನ್ನೂ ಪರೀಕ್ಷಿಸಿ ಬೇರೆ ಕಟ್ಟಿಸಿದರು. ಮನೆಯಲ್ಲಿ ನೊರೆಹಾಲು ಕುಡಿಯುವುದು ನಿಂತಿತು, ಕಾಯಿಸದ ಹಾಲು ಅಡುಗೆಮನೆಯಿಂದ ಈಚೆ ಬರಲಿಲ್ಲ. ಆ ವರ್ಷದ ಆಷಾಢ ಕಳೆಯುವಷ್ಟರಲ್ಲಿ ಅಮ್ಮ ಸೊಸೆಯ ಕೈಯಿಂದ ಮುದ್ದೆಕೋಲು ಕಿತ್ತುಕೊಂಡು, ನಿಂಗೆ ಸರಿಯಾಗಿ ಬರಲ್ಲ ಎಂದಳಂತೆ. ಅತ್ತಿಗೆ ಅದನ್ನು ಮುಖ ಊದಿಸಿಕೊಂಡು ನನಗೆ ಹೇಳಿದಳು. ನಾನು ಅದನ್ನೇ ಮೇಡಂಗೆ ಹೇಳಿದೆ. ಮೇಡಂ ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪ್ರಬಂಧದ ವಿಷಯಕ್ಕೆ ಬಂದರೆ ಬೆಂಗಳೂರಿನ ಹಿರಿಯರು ಹೇಳಿದ್ದೇ ಆಯಿತು. ಇಂಥದ್ದೇ ಪಟ್ಟಿಯನ್ನು ಬೇರೆಲ್ಲೋ ಬೇರೆ ತಂಡದವರು ಮೊದಲು ಮಾಡಿದರು. ಹೆಸರು ಅವರದಾಯಿತು. ನಮಗೆಲ್ಲ ಹೊಟ್ಟೆ ಉರಿಯಿತು. ಮೇಡಂ, "ಗೆರೆ ಮೂಡಿದ್ರೆ ಸರಿ, ಪಟ್ಟಿ ಯಾರದ್ದಾದ್ರೇನು" ಎಂದರು. ಆದರೆ ಅವರನ್ನು ಕೊರೆಯುತ್ತಿದ್ದದ್ದು ಬೇರೆ. "ತಪ್ಪು ಪಟ್ಟೀದಲ್ಲ ಕಣೆ, ನಂದು. ನಿಮ್ಮಮ್ಮ ಏನೂ ಇಲ್ಲ ಅಂದ್ರು, ನಾನು ಆರೋಗ್ಯ ಅಂತ ಬರ್ಕೊಂಡೆ. ನಮ್ಮ ಕಡೆ ಹೆಂಗಸರು ಏನೂ ಇಲ್ಲ ಅನ್ನೋದು ಆರೋಗ್ಯ ಅಲ್ಲ, ಅಭ್ಯಾಸ." ಎಷ್ಟೋ ದಿನ ಇದನ್ನೇ ಹೇಳುತ್ತಿದ್ದರು.

ಆಗಿನಿಂದ ಎಲ್ಲಿ ಹೋದರೂ ಅವರ ಎರಡನೆಯ ಪ್ರಶ್ನೆ ಇರುತ್ತಿತ್ತು. ಮೊದಲು ಹೇಗಿದ್ದೀರಿ ಎನ್ನುವುದು. ಶಿಡ್ಲಘಟ್ಟದ ಕಡೆ ಏನೂ ಇಲ್ಲ, ಚಿಂತಾಮಣಿ ಆಚೆಯ ತೆಲುಗು ಮನೆಗಳಲ್ಲಿ ಏಮೀ ಲೇದಮ್ಮಾ, ಅಲೀಪುರದಲ್ಲಿ ಕುಚ್ ನೈ ಅಮ್ಮಾ. ಮೂರು ಭಾಷೆಗೂ ಸೇರಿ ಒಂದೇ ಉತ್ತರ. ಆಮೇಲೆ ಮೇಡಂ ಸ್ವಲ್ಪ ಹೊತ್ತು ಏನೂ ಮಾತಾಡುತ್ತಿರಲಿಲ್ಲ. "ಏನೂ ಇಲ್ಲ ಅಂದ್ಮೇಲೆ ಸುಮ್ನಿರ್ಬೇಕು ಕಣೆ. ಅವ್ರಿಗೇ ತಡ್ಯಕ್ಕಾಗಲ್ಲ" ಎಂದು ನನಗೆ ಹೇಳಿಕೊಟ್ಟಿದ್ದರು. ಅದಾದ ಮೇಲೆ, ಊರ ಸುದ್ದಿ ಕೇಳುವವರ ಹಾಗೆ, "ಮನೇಲಿ ಈಗ ಮುದ್ದೆ ಯಾರು ತಿರುವ್ತಾರೆ?" ಕುದಿಯುವ ಹಿಟ್ಟನ್ನು ಗಂಟಿಲ್ಲದಂತೆ ತಿರುವಲು ರಟ್ಟೆ, ಬೆನ್ನು, ಸೊಂಟ ಮೂರೂ ಬೇಕು. ಹೆಂಗಸು ಬೇರೆ ಎಲ್ಲವನ್ನೂ ಮುಚ್ಚಿಟ್ಟಾಳು, ಕೋಲು ಕೈ ಬದಲಾಯಿಸಿದ್ದನ್ನು ಮುಚ್ಚಿಡಬೇಕೆಂದು ಅವಳಿಗೆ ಹೊಳೆಯುವುದಿಲ್ಲ. ಅಲೀಪುರದ ಅಜ್ಜಿಯರನ್ನು ಮಾತ್ರ, ನಮಾಜು ನಿಂತು ಮಾಡ್ತೀರೋ ಕುರ್ಚಿ ಮೇಲೆ ಕೂತೋ ಎಂದು ಕೇಳುತ್ತಿದ್ದರು. ಆ ಪ್ರಶ್ನೆಯಿಂದ ಸಿಕ್ಕ ರೋಗಿಗಳಿದ್ದಾರೆ, ಇವತ್ತು ಓಡಾಡಿಕೊಂಡಿದ್ದಾರೆ. ಮುಂದಿನ ಪ್ರಬಂಧದಲ್ಲಿ ಮೇಡಂ ಇದನ್ನೂ ಸೇರಿಸಿದರು. ವಿದೇಶದ ಪರಿಶೀಲಕರೊಬ್ಬರು, ಮುದ್ದೆ ಎಂದರೇನು, ಅದನ್ನು ತಿರುವುವುದಕ್ಕೆ ಒಪ್ಪಿತ ಅಳತೆಗೋಲು ಇದೆಯೇ ಎಂದು ಕೇಳಿದರು. ಮೇಡಂ, ಇದೆ, ಅದರ ಹೆಸರು ಅತ್ತೆ ಎಂದು ಬರೆಯಲು ಹೊರಟಿದ್ದರು. ನಾವು ತಡೆದೆವು.

ಇವತ್ತು ಬೆಳಿಗ್ಗೆ ಫೋನಿನಲ್ಲಿ ಅವರು ಗುಂಡುಕಲ್ಲು ಎಂದ ಕೂಡಲೇ ಆ ಮುಚ್ಚಿದ ಕೋಣೆ, ಕೆಟ್ಟ ಫ್ಯಾನು, ಮಾಸ್ಕಿನ ಮೇಲಿನ ಮಾಸ್ಕು ಎಲ್ಲ ಕಣ್ಣ ಮುಂದೆ ಬಂತು. ಈ ಕ್ರಿಮಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೈಯಲ್ಲಿ ಅಡಗಿ ಕೂರಬಲ್ಲದು ಎಂದು ಹೇಳಿಕೊಟ್ಟವರೂ ಅವರೇ.

"ಮೇಡಂ," ಎಂದೆ, "ಮನೇಲಿ ಈಗ ಮುದ್ದೆ ಯಾರು ತಿರುವ್ತಾರೆ?"

ಆ ಕಡೆ ಕೆಳಗಿನ ರಸ್ತೆಯಲ್ಲಿ ಯಾವುದೋ ಬಸ್ಸಿನ ಕಂಡಕ್ಟರು ಮುರುಗಮಲ್ಲ, ಮುರುಗಮಲ್ಲ ಎಂದು ಕೂಗುತ್ತಿದ್ದದ್ದು ಮಾತ್ರ ಕೇಳುತ್ತಿತ್ತು.

"ಈಗ ಅನ್ನಾನೇ ಮಾಡ್ಕೊಂತೀನಿ ಕಣೆ," ಎಂದರು ಕೊನೆಗೆ.

"ಯಾವಾಗಿಂದ?"

"ಯುಗಾದಿ ಆದ್ಮೇಲಿಂದ ಇರ್ಬೇಕು."

"ಸಂಜೆ ಮೈ ಬಿಸಿಯಾಗುತ್ತಾ?"

"ನನ್ನ ಪ್ರಶ್ನೆ ನಂಗೇ ಕೇಳ್ತೀಯಾ?" ಎಂದು ನಗಲು ನೋಡಿದರು. ನಗು ಅರ್ಧಕ್ಕೆ ನಿಂತಿತು.

"ನಾಳೆ ಬರ್ತೀನಿ ಮೇಡಂ."

"ರಜ ಯಾಕೆ ಹಾಳು ಮಾಡ್ಕೊಂತೀಯ. ಏನೂ ಇಲ್ಲ ಅಂದ್ನಲ್ಲ."

ಅವರು ಕಲಿಸಿದಂತೆ ಸುಮ್ಮನೆ ಫೋನ್ ಹಿಡಿದುಕೊಂಡಿದ್ದೆ. ಬಸ್ಸು ಹೊರಟಿತು, ಕಂಡಕ್ಟರನ ಕೂಗು ದೂರವಾಯಿತು.

"ಬರೋದಾದ್ರೆ," ಎಂದರು ಮೇಡಂ, "ಬರ್ತಾ ಎರಡು ಟ್ಯೂಬು ತಗೊಂಡ್ ಬಾ."